ರೂಲಿಂಗ್ ಬಂದ ದಾರಿ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆಗ ಅವನ ರಾಜಧಾನಿ. ಅಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಯಾರಿಗೆ ಎಂಬ ಭಾಗಕ್ಕೆ ಬಂದಾಗ ಅವನಿಗೆ ಒಂದು ಹಳೆಯ ಅಭಿಪ್ರಾಯ ಅಡ್ಡ ಬಂತು. ವಿಧವೆ ನಿಯೋಗಕ್ಕೆ, ಅಂದರೆ ಗಂಡನ ವಂಶಕ್ಕಾಗಿ ಅವನ ಬಂಧುವಿನಿಂದ ಮಗನನ್ನು ಪಡೆಯಲು, ಒಪ್ಪಿದರೆ ಮಾತ್ರ ಗಂಡನ ಸ್ವತ್ತು ಅವಳಿಗೆ ಎಂದು ಧಾರೇಶ್ವರನೆಂಬವನು ಹೇಳಿದ್ದ. ಈ ಧಾರೇಶ್ವರ ಧಾರಾನಗರದ ಭೋಜರಾಜನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಧಾರೆಯ ಪರಮಾರರಿಗೂ ಚಾಲುಕ್ಯರಿಗೂ ತಲೆಮಾರುಗಳ ಹಗೆ. ಆದರೂ ವಿಜ್ಞಾನೇಶ್ವರ ಆ ಮಾತನ್ನು ಮುಚ್ಚಿಡಲಿಲ್ಲ, ಬರಿದೆ ಬೈದು ಮುಗಿಸಲೂ ಇಲ್ಲ. ಎದುರಾಳಿಯ ವಾದವನ್ನು ಪೂರ್ತಿಯಾಗಿ ಮುಂದಿಟ್ಟು, ಒಂದೊಂದೇ ಕಾರಣ ಕೊಟ್ಟು ಅದನ್ನು ಒಡೆದ. ಕುಟುಂಬದಿಂದ ಪಾಲಾಗಿ ಬೇರೆಯಾಗಿದ್ದವನು ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಆಸ್ತಿ ಹೆಂಡತಿಗೇ ಸಲ್ಲುತ್ತದೆ ಎಂದು ತೀರ್ಮಾನಿಸಿದ.

ಇಂದಿನ ಹೈಕೋರ್ಟಿನ ಒಂದು ಒಳ್ಳೆಯ ತೀರ್ಪನ್ನು ತೆರೆದರೆ ಇದೇ ವರಸೆ ಕಾಣುತ್ತದೆ. ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಹಿಂದಿನವರು ಏನು ಹೇಳಿದ್ದಾರೆ, ಅದು ಇಲ್ಲಿಗೆ ಹೊಂದುತ್ತದೆಯೇ, ಹೊಂದದಿದ್ದರೆ ಏಕೆ? ವಕೀಲರ ಬಾಯಲ್ಲಿ ಈ ಹಿಂದಿನವರ ಮಾತಿಗೆ ‘ರೂಲಿಂಗ್’ ಎಂದು ಹೆಸರು. ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಕಕ್ಷಿದಾರನಿಗೆ ಧೈರ್ಯ ತುಂಬುವ ಮಾತು ಇವತ್ತಿಗೂ ಅದೇ: ‘ನಮ್ಮ ಪರ ರೂಲಿಂಗ್ ಇದೆ, ಹೆದರಬೇಡಿ.’

ಆದರೆ ವಿಜ್ಞಾನೇಶ್ವರನಿಗೆ ಹಿಂದಿನ ಮಾತನ್ನು ಪಾಲಿಸಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಇಂದಿನ ನ್ಯಾಯಾಧೀಶರಿಗೆ ಅದಿದೆ. ಈ ಎರಡರ ನಡುವಿನ ದಾರಿ ಕಲ್ಕತ್ತ, ಲಂಡನ್, ಮದರಾಸು, ನಾಗಪುರ, ದಿಲ್ಲಿಗಳನ್ನು ಹಾದು ಬಂದಿದೆ. ಒಂದೊಂದು ಊರಿನಲ್ಲೂ ನ್ಯಾಯಾಲಯ ನಂಬುವ ಮಾತು ಯಾರದೆಂಬುದು ಬದಲಾಗಿದೆ.

ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ದಿವಾಣಿಗಿರಿ ವಹಿಸಿಕೊಂಡ ಮೇಲೆ, 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಒಂದು ಏರ್ಪಾಡು ಮಾಡಿದ. ಮದುವೆ, ಉತ್ತರಾಧಿಕಾರ, ಜಾತಿ ಮೊದಲಾದ ವ್ಯಾಜ್ಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನ್ ಎಂಬುದು ಅದರ ಸಾರ. ಇಂಗ್ಲಿಷ್ ಜಡ್ಜಿಗೆ ಇವೆರಡೂ ಗೊತ್ತಿರಲಿಲ್ಲ. ಹಾಗಾಗಿ ಕೋರ್ಟಿಗೊಬ್ಬ ಪಂಡಿತ, ಒಬ್ಬ ಮೌಲ್ವಿ ನೇಮಕವಾದರು. ಜಡ್ಜಿ ಪ್ರಶ್ನೆ ಬರೆದು ಕಳಿಸುವುದು, ಪಂಡಿತ ಶ್ಲೋಕಗಳನ್ನು ಎತ್ತಿ ಹೇಳಿ ‘ವ್ಯವಸ್ಥೆ’ ಬರೆದುಕೊಡುವುದು, ಆ ವ್ಯವಸ್ಥೆಯ ಮೇಲೆ ಡಿಕ್ರಿ ಆಗುವುದು: ಇದು ಕ್ರಮ. ಪ್ರಮಾಣವನ್ನು ಹುಡುಕುವವನು ಒಬ್ಬ, ತೀರ್ಪಿಗೆ ಸಹಿ ಹಾಕುವವನು ಇನ್ನೊಬ್ಬ.

ಇದು ಕಲ್ಕತ್ತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಮುಂಬಯಿ ಪ್ರಾಂತದ ಕೋರ್ಟುಗಳಲ್ಲಿ ಈ ಕೆಲಸ ಶಾಸ್ತ್ರಿಗಳದಾಗಿತ್ತು. ಅವರು ಬರೆದುಕೊಟ್ಟ ಉತ್ತರಗಳನ್ನು ಕಲೆಹಾಕಿ ರೇಮಂಡ್ ವೆಸ್ಟ್ ಮತ್ತು ಗಿಯೋರ್ಗ್ ಬ್ಯೂಲರ್ 1867ರಿಂದ ಹಿಂದೂ ಕಾನೂನಿನ ಒಂದು ಸಂಗ್ರಹ ಹೊರತಂದರು. ಧಾರವಾಡದ ಶಾಸ್ತ್ರಿಗಳ ಉತ್ತರಗಳೂ ಅದರಲ್ಲಿವೆ. ಮನೆಮನೆಯ ದತ್ತು, ಪಾಲು, ಸ್ತ್ರೀಧನಗಳ ಜಗಳ ಆ ಪುಟಗಳಲ್ಲಿ ಪ್ರಶ್ನೋತ್ತರವಾಗಿ ಕೂತಿದೆ.

ಪಂಡಿತರ ಮಾತಿನ ಮೇಲೆ ಇಂಗ್ಲಿಷರಿಗೆ ಮೊದಲಿಂದಲೂ ಅನುಮಾನ. ಬೇಕಾದಂತೆ ಶಾಸ್ತ್ರ ತಿರುಚುತ್ತಾರೆಂದು ಕಲ್ಕತ್ತದ ಜಡ್ಜಿ ಸರ್ ವಿಲಿಯಂ ಜೋನ್ಸ್ ಶಂಕಿಸಿ ತಾನೇ ಸಂಸ್ಕೃತ ಕಲಿಯಲು ಹೊರಟಿದ್ದ. ಆ ಅನುಮಾನಕ್ಕೆ ದೊಡ್ಡ ಪರಿಹಾರ ಸಿಕ್ಕಿದ್ದು 1810ರಲ್ಲಿ. ಕಲ್ಕತ್ತದ ಸದರ್ ದಿವಾಣಿ ಅದಾಲತ್ತಿನಲ್ಲಿ ನ್ಯಾಯಾಧೀಶನಾಗಿದ್ದ ಎಚ್. ಟಿ. ಕೋಲ್‌ಬ್ರೂಕ್, ಬಂಗಾಳದ ಜೀಮೂತವಾಹನನ ದಾಯಭಾಗವನ್ನೂ ಕಲ್ಯಾಣದ ಮಿತಾಕ್ಷರಾದ ದಾಯವಿಭಾಗವನ್ನೂ ಇಂಗ್ಲಿಷಿಗೆ ತಂದು ಒಂದೇ ಪುಸ್ತಕವಾಗಿ ಅಚ್ಚು ಹಾಕಿಸಿದ. ಅಂದಿನಿಂದ ಸಂಸ್ಕೃತ ಬಾರದ ಜಡ್ಜಿಯೂ ಅಧ್ಯಾಯ, ಪರಿಚ್ಛೇದದ ಅಂಕಿ ಹಾಕಿ ವಿಜ್ಞಾನೇಶ್ವರನನ್ನು ಉಲ್ಲೇಖಿಸಬಹುದಾಯಿತು. ಮಿತಾಕ್ಷರಾ ಬಹಳ ದೊಡ್ಡ ಗ್ರಂಥ. ಅದರಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಮೂರೂ ಕಾಂಡಗಳಿವೆ. ಕೋರ್ಟಿಗೆ ಬೇಕಾದ ಆಸ್ತಿಯ ಭಾಗವಷ್ಟೇ ಇಂಗ್ಲಿಷಿಗೆ ಬಂದು, ಅದೇ ಭಾರತದ ಬಹುಭಾಗಕ್ಕೆ ‘ಮಿತಾಕ್ಷರ ಕಾನೂನು’ ಆಗಿ ನಿಂತಿತು.

1861ರ ಕಾಯ್ದೆಯ ಮೇರೆಗೆ ಮರುವರ್ಷವೇ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹೈಕೋರ್ಟುಗಳು ಆರಂಭವಾದವು. 1864ರಲ್ಲಿ ಕೋರ್ಟಿನ ಪಂಡಿತ, ಮೌಲ್ವಿಗಳ ಹುದ್ದೆಗಳು ರದ್ದಾದವು. ಶಾಸ್ತ್ರ ಇನ್ನು ಜಡ್ಜಿಗೇ ಗೊತ್ತಿರುತ್ತದೆ ಎಂಬ ನಂಬಿಕೆ. ಗೊತ್ತಾಗುವುದು ಹೇಗೆ? ಅನುವಾದಗಳನ್ನು ನೋಡಿ, ಜಾನ್ ಮೇನ್ 1878ರಲ್ಲಿ ಬರೆದಂಥ ಕೈಪಿಡಿಗಳನ್ನು ನೋಡಿ, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ತೀರ್ಪುಗಳನ್ನು ನೋಡಿ. ಪಂಡಿತ ಹೋದ ಜಾಗಕ್ಕೆ ರೂಲಿಂಗ್ ಬಂತು.

ಆ ಬದಲಾವಣೆಯ ನಡುಗಂಬದಂತಿರುವ ತೀರ್ಪು 1868ರದು. ಮಧುರೆ ಸೀಮೆಯ ರಾಮನಾಡು ಜಮೀನ್ದಾರಿಯಲ್ಲಿ ವಿಧವೆಯೊಬ್ಬಳು ಗಂಡನ ಅನುಮತಿಯಿಲ್ಲದೆ, ಸಪಿಂಡರ, ಅಂದರೆ ಗಂಡನ ಹತ್ತಿರದ ದಾಯಾದಿಗಳ, ಒಪ್ಪಿಗೆಯ ಮೇಲೆ ದತ್ತು ತೆಗೆದುಕೊಂಡಿದ್ದಳು. ದತ್ತು ಸಲ್ಲದು ಎಂದಾದರೆ ಜಮೀನ್ದಾರಿ ಸರ್ಕಾರಕ್ಕೆ. ಹಾಗಾಗಿ ಮಧುರೆಯ ಕಲೆಕ್ಟರ್ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋದ. ಅಲ್ಲಿ ಸರ್ ಜೇಮ್ಸ್ ಕಾಲ್ವಿಲ್ ಓದಿದ ತೀರ್ಪಿನಲ್ಲಿ ಮಿತಾಕ್ಷರಾ ಇದೆ, ದೇವಣ್ಣ ಭಟ್ಟನ ಸ್ಮೃತಿಚಂದ್ರಿಕೆ ಇದೆ, ವಿಜಯನಗರದ ಮಾಧವಾಚಾರ್ಯನ ಪರಾಶರ ಮಾಧವೀಯ ಇದೆ. ಪಂಡಿತರ ಅಭಿಪ್ರಾಯಗಳಿವೆ, ಹಳೆಯ ತೀರ್ಪುಗಳಿವೆ. ಎಲ್ಲವನ್ನೂ ತೂಗಿ ದತ್ತಕವನ್ನು ಎತ್ತಿಹಿಡಿದ ಪ್ರಿವಿ ಕೌನ್ಸಿಲ್ ಒಂದು ಸೂತ್ರವನ್ನೂ ಹಾಕಿಕೊಟ್ಟಿತು. ಮೂಲ ಸ್ಮೃತಿ ಏನು ಹೇಳುತ್ತದೆಂದು ತರ್ಕಿಸುವುದು ಜಡ್ಜಿಯ ಕೆಲಸವಲ್ಲ. ಆ ಸೀಮೆಯ ಜನ ಯಾವ ಗ್ರಂಥವನ್ನು ಒಪ್ಪಿಕೊಂಡಿದ್ದಾರೆ, ರೂಢಿಯಲ್ಲಿ ಏನಿದೆ ಎಂದು ನೋಡಬೇಕು. ರೂಢಿ ಸ್ಪಷ್ಟವಾಗಿ ರುಜುವಾತಾದರೆ ಗ್ರಂಥದ ಮಾತಿಗಿಂತ ಅದೇ ಮೇಲು.

ಕೇಳಲು ಹಿತವಾದ ಸೂತ್ರ. ಆದರೆ ರೂಢಿಯನ್ನು ಒಮ್ಮೆ ತೀರ್ಪಿನಲ್ಲಿ ಬರೆದಿಟ್ಟರೆ ಅದು ರೂಢಿಯಾಗಿ ಉಳಿಯುವುದಿಲ್ಲ. ರೂಢಿ ಕಾಲಕ್ಕೆ ತಕ್ಕಂತೆ ಮೆಲ್ಲಗೆ ಬದಲಾಗುತ್ತದೆ, ಅಚ್ಚಾದ ತೀರ್ಪು ಬದಲಾಗುವುದಿಲ್ಲ.

ಇದಕ್ಕೆ ದಕ್ಷಿಣ ಕನ್ನಡಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಬಂಟರೇ ಮೊದಲಾದ ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ ಪದ್ಧತಿ. ಭೂತಾಳ ಪಾಂಡ್ಯನೆಂಬ ಅರಸ ಹಾಕಿದ ಕಟ್ಟು ಅದು ಎಂದು ಐತಿಹ್ಯ. ಅವನ ಹೆಸರಿನ ‘ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಬರಹ ಕೋರ್ಟುಗಳಲ್ಲಿ ಪ್ರಮಾಣವೆಂದು ಓಡಾಡಿತು. ಅದು ನಿಜಕ್ಕೂ ಅಷ್ಟು ಹಳೆಯದೇ ಎಂದು ವಿದ್ವಾಂಸರು ಶಂಕಿಸಿದರು. ಆದರೆ ಶಂಕೆಗೆ ಉತ್ತರ ಸಿಗುವ ತನಕ ಕೋರ್ಟು ಕಾಯುವಂತಿರಲಿಲ್ಲ. 1863ರಲ್ಲಿ, ‘ಮುಂಡ ಚೆಟ್ಟಿ ವಿರುದ್ಧ ತಿಮ್ಮಜು ಹೆಂಗ್ಸು’ ಪ್ರಕರಣದಲ್ಲಿ ಮದರಾಸು ಹೈಕೋರ್ಟು ಹೇಳಿತು: ಅಳಿಯಸಂತಾನ ಕುಟುಂಬದಲ್ಲಿ ಎಲ್ಲರೂ ಒಪ್ಪಿದರೆ ಪಾಲು, ಒಬ್ಬರು ಹಟ ಹಿಡಿದು ಕೇಳಿದರೆ ಪಾಲಿಲ್ಲ. ಆ ಸಾಲು ಮುಂದಿನ ತೀರ್ಪುಗಳಿಗೆ ಆಧಾರವಾಯಿತು, ಆ ತೀರ್ಪುಗಳು ಅದಕ್ಕೂ ಮುಂದಿನವಕ್ಕೆ. ಕುಟುಂಬಗಳು ನೂರಾರು ಜನರಿಗೆ ಬೆಳೆದರೂ, ಕವರುಗಳು, ಅಂದರೆ ಕುಟುಂಬದ ಕವಲುಗಳು, ಬೇರೆಬೇರೆ ಒಲೆ ಹೂಡಿದರೂ ಕೋರ್ಟಿನ ಉತ್ತರ ಒಂದೇ. ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಡಲು ಶಾಸನವೇ ಬೇಕಾಯಿತು. ಅದು 1949ರ ಮದರಾಸು ಅಳಿಯಸಂತಾನ ಕಾಯ್ದೆ. ಒಂದು ರೂಲಿಂಗ್ 86 ವರ್ಷ ಕರಾವಳಿಯ ಮನೆಗಳನ್ನು ಒಡೆಯದಂತೆ ಕಟ್ಟಿಹಾಕಿತ್ತು.

ತೀರ್ಪನ್ನು ಉಲ್ಲೇಖಿಸಬೇಕಾದರೆ ಮೊದಲು ಅದು ಅಚ್ಚಾಗಿರಬೇಕು. ಇಂಗ್ಲೆಂಡಿನಲ್ಲಿ ಬಹುಕಾಲ ಈ ಕೆಲಸ ಖಾಸಗಿ ವರದಿಗಾರರ ಕೈಯಲ್ಲಿತ್ತು, ಅವರ ಗುಣಮಟ್ಟ ಅವರವರ ಕಿವಿಯಷ್ಟೇ. ಎಸ್ಪಿನಾಸ್ ಎಂಬ ವರದಿಗಾರನಿಗೆ ಕಿವಿ ಮಂದ. ಅವನು ಕೋರ್ಟಿನಲ್ಲಿ ನಡೆದುದರಲ್ಲಿ ಅರ್ಧ ಕೇಳಿಸಿಕೊಂಡು ಮಿಕ್ಕರ್ಧವನ್ನು ವರದಿ ಮಾಡುತ್ತಿದ್ದ ಎಂಬ ತಮಾಷೆ ಅಲ್ಲಿನ ವಕೀಲರಲ್ಲಿ ಇಂದಿಗೂ ಉಂಟು. 1865ರಲ್ಲಿ ಅಲ್ಲಿ ‘ಲಾ ರಿಪೋರ್ಟ್ಸ್’ ಮಾಲೆ ಶುರುವಾದ ಮೇಲೆ ಪರಿಸ್ಥಿತಿ ಒಂದು ಹದಕ್ಕೆ ಬಂತು.

ಭಾರತದಿಂದ ಪ್ರಿವಿ ಕೌನ್ಸಿಲ್‌ಗೆ ಹೋದ ಮೇಲ್ಮನವಿಗಳನ್ನು ಎಡ್ಮಂಡ್ ಮೂರ್ 1836ರಿಂದ 1872ರವರೆಗಿನ 14 ಸಂಪುಟಗಳಲ್ಲಿ ವರದಿ ಮಾಡಿದ. ರಾಮನಾಡಿನ ತೀರ್ಪು ಅದರ 12ನೇ ಸಂಪುಟದಲ್ಲಿದೆ. ದೇಶದೊಳಗಿನ ಗೊಂದಲ ತಡೆಯಲು 1875ರಲ್ಲಿ ಕಾಯ್ದೆಯೊಂದು ಬಂತು: ಸರ್ಕಾರದ ಅಧಿಕೃತ ಮಾಲೆಯಲ್ಲಿ ಅಚ್ಚಾಗದ ಹೈಕೋರ್ಟ್ ತೀರ್ಪಿನ ವರದಿಯನ್ನು ಕೇಳಬೇಕಾದ ಕಟ್ಟುಪಾಡು ಯಾವ ಕೋರ್ಟಿಗೂ ಇಲ್ಲ. ಮರುವರ್ಷ ‘ಇಂಡಿಯನ್ ಲಾ ರಿಪೋರ್ಟ್ಸ್’, ಅಂದರೆ ವಕೀಲರ ಐ.ಎಲ್.ಆರ್., ಹೊರಟಿತು. ಸರ್ಕಾರಿ ಮಾಲೆ ಸರ್ಕಾರಿ ವೇಗದಲ್ಲೇ ಬರುತ್ತಿತ್ತು. ವಕೀಲನಿಗೆ ಬೇಕಾದದ್ದು ಕಳೆದ ತಿಂಗಳ ತೀರ್ಪು. ಆ ಹಸಿವು ಖಾಸಗಿಯವರಿಗೆ ಮಾರುಕಟ್ಟೆ ಮಾಡಿಕೊಟ್ಟಿತು. ಮದರಾಸಿನಲ್ಲಿ 1891ರಲ್ಲಿ ‘ಮದ್ರಾಸ್ ಲಾ ಜರ್ನಲ್’, ಮುಂಬಯಿಯಲ್ಲಿ 1899ರಲ್ಲಿ ‘ಬಾಂಬೆ ಲಾ ರಿಪೋರ್ಟರ್’, ನಾಗಪುರದಿಂದ 1914ರ ತೀರ್ಪುಗಳಿಂದ ಮೊದಲಾಗುವ ‘ಆಲ್ ಇಂಡಿಯಾ ರಿಪೋರ್ಟರ್’ ಬಂದವು. 1875ರ ಕಾಯ್ದೆ ಪುಸ್ತಕದಲ್ಲಿ ಉಳಿಯಿತು, ನ್ಯಾಯಾಧೀಶರೇ ಖಾಸಗಿ ವರದಿಗಳನ್ನು ಉಲ್ಲೇಖಿಸತೊಡಗಿದರು. ವಕೀಲರ ಮನೆಯ ಗಾಜಿನ ಬೀರುಗಳಲ್ಲಿ ಬೆನ್ನಿಗೆ ಚಿನ್ನದ ಅಕ್ಷರ ಹಾಕಿಸಿಕೊಂಡು ನಿಂತ ಎ.ಐ.ಆರ್. ಸಂಪುಟಗಳ ಸಾಲು ಶುರುವಾದದ್ದು ಹೀಗೆ.

ಕನ್ನಡ ನಾಡಿನ ಪಾಡು ಇನ್ನೂ ಸಿಕ್ಕುಸಿಕ್ಕು. ಮೈಸೂರು ಸಂಸ್ಥಾನಕ್ಕೆ 1884ರಲ್ಲಿ ಸ್ವಂತ ಚೀಫ್ ಕೋರ್ಟ್ ಆಯಿತು, 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂತು. ಸಂಸ್ಥಾನದ ಮೇಲ್ಮನವಿಗಳು ಲಂಡನ್ನಿಗೆ ಹೋಗುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರಗಳಿಗೆ ಮುಂಬಯಿ ಹೈಕೋರ್ಟು. ಮಂಗಳೂರು, ಬಳ್ಳಾರಿಗಳಿಗೆ ಮದರಾಸು. ಕಲಬುರಗಿ, ರಾಯಚೂರು, ಬೀದರಗಳಿಗೆ ನಿಜಾಮರ ಹೈದರಾಬಾದು. 1956ರ ನವೆಂಬರ್ 1ರಂದು ಎಲ್ಲ ಸೇರಿ ಒಂದು ರಾಜ್ಯ, ಒಂದು ಹೈಕೋರ್ಟು ಆಯಿತು. ಆದರೆ ಬದಲಾಯಿಸುವವರೆಗೆ ಆಯಾ ಸೀಮೆಯ ಹಳೆಯ ಕಾನೂನುಗಳೇ ಮುಂದುವರಿಯಬೇಕೆಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆ ಹೇಳಿತ್ತು. ಧಾರವಾಡದ ಗೇಣಿ ವ್ಯಾಜ್ಯಕ್ಕೆ ಮುಂಬಯಿಯ 1948ರ ಕಾಯ್ದೆ, ಕರಾವಳಿಯ ಅಳಿಯಸಂತಾನದ ಪಾಲಿಗೆ ಮದರಾಸಿನ ಕಾಯ್ದೆ. ಆ ಕಾಯ್ದೆಗಳ ಮೇಲಿನ ರೂಲಿಂಗುಗಳೂ ಮುಂಬಯಿ, ಮದರಾಸುಗಳದ್ದೇ. ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬರುವವರೆಗೂ ಹೈಕೋರ್ಟು ನಡೆಯುವ ಅಠಾರಾ ಕಚೇರಿಯ ಒಂದೇ ಛಾವಣಿಯಡಿ ಹಲವು ಪ್ರಾಂತಗಳ ಗೇಣಿ ಕಾನೂನು ಮಾತಾಡುತ್ತಿತ್ತು.

ಸಂವಿಧಾನ ಬಂದ ಮೇಲೆ ಮೇಲಿನ ಮೆಟ್ಟಿಲು ಒಂದೇ ಆಯಿತು. 1949ರ ಅಕ್ಟೋಬರ್‌ನಲ್ಲಿ ಪ್ರಿವಿ ಕೌನ್ಸಿಲ್ಲಿನ ಅಧಿಕಾರ ಮುಗಿಯಿತು. ಸಂವಿಧಾನದ 141ನೇ ವಿಧಿ, ಸುಪ್ರೀಂ ಕೋರ್ಟು ಘೋಷಿಸಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ ಎಂದಿತು. ಹಾಗಾದರೆ ಸುಪ್ರೀಂ ಕೋರ್ಟು ತನ್ನದೇ ಹಿಂದಿನ ಮಾತಿಗೆ ಕಟ್ಟುಬಿದ್ದಿದೆಯೇ? ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1898ರಲ್ಲಿ ತನ್ನನ್ನು ತಾನೇ ಕಟ್ಟಿಕೊಂಡಿತ್ತು. ಆ ಗಂಟನ್ನು ಬಿಚ್ಚಿಕೊಂಡದ್ದು 1966ರಲ್ಲಿ. ನಮ್ಮ ಸುಪ್ರೀಂ ಕೋರ್ಟು ಅಷ್ಟು ಕಾಯಲಿಲ್ಲ. 1955ರ ಬೆಂಗಾಲ್ ಇಮ್ಯೂನಿಟಿ ಪ್ರಕರಣದಲ್ಲಿ, ಎರಡೇ ವರ್ಷ ಹಿಂದಿನ ತನ್ನ ತೀರ್ಪನ್ನು ಏಳು ನ್ಯಾಯಾಧೀಶರ ಪೀಠದಲ್ಲಿ ನಾಲ್ವರ ಬಹುಮತದಿಂದ ಕೈಬಿಟ್ಟು, ತಪ್ಪೆಂದು ಮನವರಿಕೆಯಾದರೆ ತಿದ್ದಿಕೊಳ್ಳಬಹುದು ಎಂದು ಸಾರಿತು.

ತಿದ್ದಿಕೊಳ್ಳಲು ಒಂದು ಲೆಕ್ಕಾಚಾರವಿದೆ, ಅದು ತಲೆ ಎಣಿಕೆಯದು. ಸಣ್ಣ ಪೀಠ ದೊಡ್ಡ ಪೀಠದ ಮಾತನ್ನು ಮೀರುವಂತಿಲ್ಲ. ಒಪ್ಪಿಗೆಯಾಗದಿದ್ದರೆ ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಬೇಕು. ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದಬಹುದೇ ಎಂಬ ಪ್ರಶ್ನೆ ಈ ಏಣಿಯನ್ನು ಹತ್ತಿದ ರೀತಿ ನೋಡಿ. 1951ರ ಶಂಕರಿ ಪ್ರಸಾದ್ ಪ್ರಕರಣದಲ್ಲಿ ಐವರು ‘ತಿದ್ದಬಹುದು’ ಎಂದರು. 1967ರ ಗೋಲಕನಾಥ್ ಪ್ರಕರಣದಲ್ಲಿ 11 ಮಂದಿ ಕೂತು, 6-5ರ ಬಹುಮತದಿಂದ ‘ಕೂಡದು’ ಎಂದರು. 1973ರ ಏಪ್ರಿಲ್ 24ರಂದು 13 ಮಂದಿಯ ಪೀಠ ಗೋಲಕನಾಥ್ ತೀರ್ಪನ್ನು ತಳ್ಳಿಹಾಕಿ, 7-6ರ ಬಹುಮತದಿಂದ, ತಿದ್ದಬಹುದು ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲ ಎಂದಿತು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿ. 68 ದಿನಗಳ ವಾದ, 11 ಪ್ರತ್ಯೇಕ ತೀರ್ಪುಗಳು.

ಮೂಲ ಸ್ವರೂಪದ ಆ ವಿಚಾರ ತೀರ್ಪಿನೊಳಗೆ ಬಂದ ಬಗೆಯೂ ಉಲ್ಲೇಖದ ಚರಿತ್ರೆಯೇ. 1964ರ ಸಜ್ಜನ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಮುಧೋಳ್ಕರ್, ಹಿಂದಿನ ವರ್ಷ ಪಾಕಿಸ್ತಾನದ ಸುಪ್ರೀಂ ಕೋರ್ಟು ಕೊಟ್ಟಿದ್ದ ತೀರ್ಪೊಂದನ್ನು ಉಲ್ಲೇಖಿಸಿ, ನಮ್ಮ ಸಂವಿಧಾನಕ್ಕೂ ಬದಲಾಯಿಸಲಾಗದ ಲಕ್ಷಣಗಳಿವೆಯೇ ಎಂದು ಕೇಳಿದ್ದರು. 1965ರ ಫೆಬ್ರವರಿಯಲ್ಲಿ ಹೈಡೆಲ್‌ಬರ್ಗಿನ ಡೀಟ್ರಿಖ್ ಕಾನ್ರಾಡ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿಯ ಮಿತಿಗಳ ಬಗ್ಗೆ ಉಪನ್ಯಾಸ ಮಾಡಿದರು. ಮಂಗಳೂರಿನಲ್ಲಿ ವಕೀಲಿ ಮಾಡಿ ಮೇಲೆ ಬಂದ ಎಂ. ಕೆ. ನಂಬಿಯಾರ್ ಅದನ್ನು ಗೋಲಕನಾಥ್ ಪ್ರಕರಣದ ವಾದದಲ್ಲಿ ಬಳಸಿದರು. ಆಗ ಪೀಠ ಅದನ್ನು ಹಿಡಿಯಲಿಲ್ಲ. ಆರು ವರ್ಷಗಳ ಮೇಲೆ ಕೇಶವಾನಂದ ತೀರ್ಪಿನಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕಾನ್ರಾಡರನ್ನು ಹೆಸರಿಸಿ ಉಲ್ಲೇಖಿಸಿದರು. ಬದುಕಿರುವ ಲೇಖಕರನ್ನು ಪ್ರಮಾಣವಾಗಿ ಎತ್ತಬಾರದೆಂದು ಇಂಗ್ಲೆಂಡಿನಲ್ಲಿ ಒಂದು ಹಳೆಯ ಮಡಿ ಇತ್ತು. ಇಲ್ಲಿ ಅದು ಬೇರೂರಲೇ ಇಲ್ಲ.

ಸೋತ ಮಾತಿಗೂ ಕಾಲ ಬರುತ್ತದೆ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದ್ದರು. ಬಂಧಿತರ ಅರ್ಜಿ ಕೇಳಬಹುದೆಂದ ಒಂಬತ್ತು ಹೈಕೋರ್ಟುಗಳಲ್ಲಿ ಇದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಎ.ಡಿ.ಎಂ. ಜಬಲ್ಪುರ ಪ್ರಕರಣದಲ್ಲಿ 4-1ರಿಂದ ಅವೆಲ್ಲವನ್ನೂ ಅಳಿಸಿತು. ಒಬ್ಬರೇ ಭಿನ್ನಮತ ಬರೆದವರು ಖನ್ನಾ. ಭಿನ್ನಮತವೆಂದರೆ ಮುಂದೊಂದು ದಿನದ ವಿವೇಕಕ್ಕೆ ಮಾಡಿಕೊಂಡ ಮನವಿ ಎಂಬರ್ಥದ ಮಾತನ್ನು ಅವರು ಅಲ್ಲಿ ಎತ್ತಿಕೊಂಡದ್ದು ಅಮೆರಿಕದ ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಅವರಿಂದ. ಆ ದಿನ 2017ರ ಆಗಸ್ಟ್ 24ರಂದು ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯ ವಿರುದ್ಧ ಹೂಡಿದ ಅರ್ಜಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕಲ್ಲ ಎನ್ನಲು ಸರ್ಕಾರ 1954ರ ಎಂಟು ಜನರ, 1962ರ ಆರು ಜನರ ಪೀಠಗಳ ತೀರ್ಪನ್ನು ಎತ್ತಿತ್ತು. ಎಂಟನ್ನು ದಾಟಲು ಒಂಬತ್ತು ಮಂದಿ ಕೂತರು. ಖಾಸಗಿತನ ಹಕ್ಕೆಂದು ಒಮ್ಮತದಿಂದ ಹೇಳಿದರು. ಎ.ಡಿ.ಎಂ. ಜಬಲ್ಪುರ ತೀರ್ಪು ರದ್ದೆಂದು ಬರೆದವರು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್. 1976ರ ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡ್ ಅವರ ತಂದೆ.

ದೊಡ್ಡ ಪೀಠಗಳ ಕಥೆ ಪತ್ರಿಕೆಯಲ್ಲಿ ಬರುತ್ತದೆ. ಮನೆಮನೆಗೆ ತಟ್ಟುವುದು ಸಣ್ಣ ಪೀಠಗಳ ಜಗಳ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಮೈಸೂರಿನಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದಿತ್ತು, 1994ರ ಜುಲೈ 30ರಿಂದ ರಾಜ್ಯದ ತಿದ್ದುಪಡಿ ಜಾರಿಯಾಗಿತ್ತು. ಇಡೀ ದೇಶಕ್ಕೆ ಆ ಹಕ್ಕು 2005ರ ಸೆಪ್ಟೆಂಬರ್ 9ರಂದು ಬಂತು. ಆ ದಿನಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ? ಕರ್ನಾಟಕದಿಂದ ಹೋದ ಪ್ರಕಾಶ್–ಫೂಲವತಿ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ 2015ರಲ್ಲಿ, ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದಿತು. ಕರ್ನಾಟಕದಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ ಇನ್ನಿಬ್ಬರ ಪೀಠ 2018ರಲ್ಲಿ, 2001ರಲ್ಲೇ ತಂದೆಯನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಎರಡೂ ಸಮಾನ ಬಲದ ಪೀಠಗಳು. ಎರಡೂವರೆ ವರ್ಷ ದೇಶದ ಸಿವಿಲ್ ಕೋರ್ಟುಗಳಲ್ಲಿ ಅಣ್ಣನ ವಕೀಲರು ಒಂದನ್ನು, ತಂಗಿಯ ವಕೀಲರು ಇನ್ನೊಂದನ್ನು ಹಿಡಿದು ನಿಲ್ಲುವಂತಾಯಿತು.

2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಇದನ್ನು ಬಗೆಹರಿಸಿತು. ಕರ್ನಾಟಕದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಆ ಪೀಠದಲ್ಲಿದ್ದರು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ತಂದೆ ಬದುಕಿರಬೇಕಾಗಿಲ್ಲ ಎಂಬುದು ತೀರ್ಮಾನ. ಅದಕ್ಕೆ ಕೊಟ್ಟ ಕಾರಣ ಮಿತಾಕ್ಷರ ಕಾನೂನಿನ ಒಂದು ಭೇದದ ಮೇಲೆ ನಿಂತಿದೆ: ಹುಟ್ಟಿದ ಕ್ಷಣಕ್ಕೆ ಹಕ್ಕು ಬರುವ ಅಪ್ರತಿಬಂಧ ದಾಯ ಬೇರೆ, ಒಬ್ಬರ ಸಾವಿನ ನಂತರ ಬರುವ ಸಪ್ರತಿಬಂಧ ದಾಯ ಬೇರೆ. ಕೋಲ್‌ಬ್ರೂಕ್ ಆ ಭಾಗವನ್ನು ಇಂಗ್ಲಿಷಿಗೆ ತಂದು ಆಗ 210 ವರ್ಷ. ಗಂಡುಮಕ್ಕಳ ಪರವಾಗಿ ಅಷ್ಟು ಕಾಲ ಎತ್ತಿದ ಪ್ರಮಾಣವೇ ಹೆಣ್ಣುಮಕ್ಕಳ ಪರವಾಗಿ ನಿಂತಿತು. ಫೂಲವತಿ ತೀರ್ಪು ರದ್ದಾಯಿತು.

ಇಷ್ಟೆಲ್ಲ ತೂಕವಿರುವ ಕೆಲಸವನ್ನು ದಿನನಿತ್ಯದ ತೀರ್ಪುಗಳಲ್ಲಿ ಹೇಗೆ ಮಾಡುತ್ತಿದ್ದಾರೆ? ತೀರ್ಪೊಂದು ಪ್ರಮಾಣವಾಗುವುದು ಅದು ನಿಜವಾಗಿ ತೀರ್ಮಾನಿಸಿದ ಪ್ರಶ್ನೆಗೆ ಮಾತ್ರ, ಅದರಲ್ಲಿ ಪ್ರಾಸಂಗಿಕವಾಗಿ ಬಂದ ಪ್ರತಿಯೊಂದು ಮಾತಿಗೂ ಅಲ್ಲ ಎಂದು ಸುಪ್ರೀಂ ಕೋರ್ಟು 1968ರಲ್ಲಿ ವರದಿಯಾದ ತೀರ್ಪಿನಲ್ಲೇ, 1901ರ ಇಂಗ್ಲಿಷ್ ತೀರ್ಪೊಂದನ್ನು ನೆನೆದು ಎಚ್ಚರಿಸಿತ್ತು. ಆದರೆ ವರದಿಯ ತಲೆಯ ಮೇಲೆ ಸಂಪಾದಕರು ಬರೆಯುವ ಹೆಡ್‌ನೋಟ್ ಓದಿ, ಸಂಗತಿಯೇನೆಂದು ನೋಡದೆ ಸಾಲು ಎತ್ತುವ ಚಾಳಿ ಹೋಗಿಲ್ಲ. ಕಂಪ್ಯೂಟರ್ ಬಂದ ಮೇಲೆ ಅದು ಹೆಚ್ಚಿತು. ಹಿಂದೆ ಒಂದು ಪರಿಚ್ಛೇದ ಉದ್ಧರಿಸಬೇಕಾದರೆ ಸ್ಟೆನೋಗೆ ಓದಿ ಹೇಳಬೇಕಿತ್ತು, ಈಗ ಬೆರಳು ಒತ್ತಿದರೆ ಪುಟಗಟ್ಟಲೆ ಬಂದು ಕೂರುತ್ತದೆ. ಉಲ್ಲೇಖಗಳ ಉದ್ದನೆಯ ಪಟ್ಟಿಯ ಕೊನೆಯಲ್ಲಿ ಕಕ್ಷಿದಾರನ ಸಂಗತಿಗೆ ಎರಡೇ ಪ್ಯಾರಾ ಸಿಗುವ ತೀರ್ಪುಗಳೂ ಇವೆ.

ತೀರ್ಪು ಯಾರ ಸೊತ್ತು ಎಂಬ ಪ್ರಶ್ನೆಯೂ ಕೋರ್ಟಿಗೇ ಹೋಯಿತು. 1969ರಿಂದ ‘ಸುಪ್ರೀಂ ಕೋರ್ಟ್ ಕೇಸಸ್’ ಹೊರತರುತ್ತಿರುವ ಲಖನೌದ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ, 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ತೀರ್ಪಿನ ಮೂಲ ಪಾಠ ಸಾರ್ವಜನಿಕರದು, ಹೆಡ್‌ನೋಟ್, ಪ್ಯಾರಾಗಳ ವಿಂಗಡಣೆಯಂತಹ ಸಂಪಾದಕರ ಶ್ರಮಕ್ಕೆ ಮಾತ್ರ ಕೃತಿಸ್ವಾಮ್ಯ. ಕೇಶವಾನಂದ ತೀರ್ಪು ಒಂದೇ ಆದರೂ ಅದಕ್ಕೆ ‘ಎ.ಐ.ಆರ್. 1973 ಎಸ್.ಸಿ. 1461’ ಎಂಬುದೂ ವಿಳಾಸ, ‘(1973) 4 ಎಸ್.ಸಿ.ಸಿ. 225’ ಎಂಬುದೂ ವಿಳಾಸ. ಪುಸ್ತಕ ಕೊಳ್ಳಲಾಗದವನಿಗೆ ಎರಡೂ ಮುಚ್ಚಿದ ಬಾಗಿಲು. 2023ರಲ್ಲಿ ಸುಪ್ರೀಂ ಕೋರ್ಟು ತನ್ನ ತೀರ್ಪುಗಳಿಗೆ ಯಾವ ಪ್ರಕಾಶಕರಿಗೂ ಸೇರದ ಸ್ವಂತ ಅಂಕಿಗಳನ್ನು ಕೊಡತೊಡಗಿತು. ಕರ್ನಾಟಕ ಹೈಕೋರ್ಟಿನ ತೀರ್ಪುಗಳ ಮೇಲೂ ಈಗ ಅಂಥ ಅಂಕಿ ಇರುತ್ತದೆ. ಧಾರವಾಡ, ಕಲಬುರಗಿ ಪೀಠಗಳಿಗೆ ಬೇರೆ ಗುರುತು.

ಅದೇ ವರ್ಷ ಹೊಸ ಕಾಯಿಲೆಯೂ ಕಾಣಿಸಿತು. ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಇಬ್ಬರು ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಅವರು ಸಲ್ಲಿಸಿದ್ದ ರೂಲಿಂಗುಗಳು ಚಾಟ್‌ಜಿಪಿಟಿ ಹೆಣೆದವು, ಯಾವ ಕೋರ್ಟೂ ಕೊಡದವು. ಭಾರತದಲ್ಲಿ ಇದು ತೀರ್ಪಿನೊಳಕ್ಕೇ ನುಗ್ಗಿತು. 2024ರ ಕೊನೆಯಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಸೇರಿಕೊಂಡು, ಆದೇಶವನ್ನೇ ಹಿಂಪಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್, ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರು ಉಲ್ಲೇಖಿಸಿದ ಸುಪ್ರೀಂ ಕೋರ್ಟ್ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು ಕಂಡು ಮುಂದಿನ ಕ್ರಮಕ್ಕೆ ಸೂಚಿಸಿದರು.

ಪಂಡಿತ ತಪ್ಪು ಹೇಳಿದರೆ ಅವನ ಶ್ಲೋಕ ಇನ್ನೊಬ್ಬ ಪಂಡಿತನಿಗೆ ಗೊತ್ತಿರುತ್ತಿತ್ತು. ಎಸ್ಪಿನಾಸ್ ತಪ್ಪು ಬರೆದರೂ ಅಲ್ಲೊಂದು ಮೊಕದ್ದಮೆ ನಡೆದಿತ್ತು. ಹೆಸರು, ವರ್ಷ, ಪುಟ ಎಲ್ಲ ಸರಿಯಾಗಿ ಕಾಣುತ್ತ, ಹಿಂದೆ ಏನೂ ಇಲ್ಲದ ಪ್ರಮಾಣ ನಮ್ಮ ಕಾಲದ್ದು. ಪರೀಕ್ಷೆ ಮಾತ್ರ ಹಳೆಯದೇ: ಹೆಸರಿಸಿದ ಮಾತನ್ನು ಎದುರಾಳಿ ತೆಗೆದು ಓದಲು ಸಾಧ್ಯವಿರಬೇಕು. ಸುಪ್ರೀಂ ಕೋರ್ಟಿನ ವರದಿಗಳು 2023ರ ಜನವರಿಯಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿದೆ. ‘ರೂಲಿಂಗ್ ಇದೆ’ ಎಂದು ವಕೀಲರು ಹೇಳಿದಾಗ ಅದರ ಅಂಕಿ ಕೇಳಿ ಬರೆದುಕೊಳ್ಳಿ. ಮನೆಗೆ ಬಂದು ತೆಗೆದು ಓದಿ.